ಸ್ವಿಚ್ ಒಳಗೆ ಯಾವ ರೇಡಿಯೋ ಇರ್ಬೇಕು? ಸ್ಮಾರ್ಟ್ ಹೋಮ್ ಮಾಡ್ಸೋರು ಗೋಡೆ ಪ್ಲಾಸ್ಟರ್ ಆಗೋಕ್ ಮುಂಚೆ ಯೋಚಿಸ್ಬೇಕಾದ ವಿಷ್ಯ

ಮೈಸೂರಲ್ಲಿ ಅಕ್ಕ ಭಾವ ಮನೆ ಕಟ್ಟಿ ಮೂರು ವರ್ಷ ಆಯ್ತು. ಗೃಹಪ್ರವೇಶದ ದಿನ ಬಂದೋರೆಲ್ಲಾ ಮುಟ್ಟಿ ಮುಟ್ಟಿ ನೋಡಿದ್ದು ಗಾಜಿನ ಟಚ್ ಸ್ವಿಚ್‌ಗಳನ್ನ, ಒಟ್ಟು 22 ಬೋರ್ಡ್, ಎಲ್ಲಾ ವೈಫೈ, ಫೋನಲ್ಲೂ ಆನ್ ಆಗತ್ತೆ ಬಾಯಲ್ಲಿ ಹೇಳಿದ್ರೂ ಆನ್ ಆಗತ್ತೆ. ಎರಡು ವರ್ಷ ಏನೂ ತೊಂದ್ರೆ ಇರ್ಲಿಲ್ಲ. ಆಮೇಲೆ ಭಾವ ಇಂಟರ್ನೆಟ್ ಕನೆಕ್ಷನ್ ಬದಲಾಯಿಸಿದ್ರು, ಹೊಸ ರೂಟರ್ ಬಂತು, ಹೊಸ ಹೆಸರು ಹೊಸ ಪಾಸ್‌ವರ್ಡ್, ಅಷ್ಟೇ, 22 ಬೋರ್ಡೂ ಒಂದೇ ಸಲ ಆಫ್‌ಲೈನ್. ಕೈಯಲ್ಲಿ ಮುಟ್ಟಿದ್ರೆ ಲೈಟ್ ಹತ್ತತ್ತೆ, ಅದೊಂದು ಪುಣ್ಯ. ಆದ್ರೆ ಗೀಸರ್ ಟೈಮರ್ ಹೋಯ್ತು, ಸಂಜೆ ಗೇಟ್ ಲೈಟ್ ತಾನಾಗೇ ಹತ್ತೋದು ನಿಂತೋಯ್ತು, ಎಲ್ಲಕ್ಕಿಂತ ಮುಖ್ಯವಾಗಿ ಅಕ್ಕನ ಮಾವನೋರು ರಾತ್ರಿ ಎದ್ದಾಗ ಮಂಚದ ಪಕ್ಕದಿಂದಲೇ ಬಾತ್‌ರೂಮ್ ದಾರಿ ಲೈಟ್ ಹಾಕ್ಕೊಳ್ಳೋ ಬಟನ್ ಕೆಲ್ಸ ಮಾಡ್ಲಿಲ್ಲ. ಅವ್ರಿಗೆ 78 ವರ್ಷ, ಕತ್ತಲಲ್ಲಿ ಗೋಡೆ ತಡಕಾಡಿಕೊಂಡು ಹೋಗಿದ್ದಾರೆ.

ಶನಿವಾರ ನಾನು ಹೋಗಿ ಕೂತೆ. ಒಂದೊಂದು ಬೋರ್ಡಲ್ಲೂ ಒಂದು ಬಟನ್ ಐದು ಸೆಕೆಂಡ್ ಒತ್ತಿ ಹಿಡೀಬೇಕು, ನೀಲಿ ಲೈಟ್ ಮಿಣುಕಬೇಕು, ಫೋನನ್ನ 2.4 ಗಿಗಾಹರ್ಟ್ಸ್ ವೈಫೈಗೆ ಹಾಕ್ಬೇಕು, ಹೊಸ ಪಾಸ್‌ವರ್ಡ್ ಕೊಡ್ಬೇಕು, ಕಾಯ್ಬೇಕು. ಹದಿನಾಲ್ಕನೇ ಬೋರ್ಡಿಗೆ ಬರೋ ಹೊತ್ತಿಗೆ ಆ್ಯಪ್ ಮತ್ತೆ ಲಾಗಿನ್ ಕೇಳ್ತು, ಒಟಿಪಿ ಬರ್ಲೇ ಇಲ್ಲ. ಹುಡುಕಿದ್ರೆ ಆ ಬ್ರ್ಯಾಂಡಿನ ಆ್ಯಪ್ ಪ್ಲೇಸ್ಟೋರಿಂದಲೇ ಹೋಗಿದೆ, ಕಸ್ಟಮರ್ ಕೇರ್ ನಂಬರ್ ಎತ್ತೋರಿಲ್ಲ. ಗೋಡೆಯೊಳಗೆ ಸಿಮೆಂಟ್ ಹಾಕಿ ಕೂರಿಸಿರೋ ವಸ್ತು, ಮಾಮೂಲಿ ಸ್ವಿಚ್ ಆಗಿದ್ರೆ ಇಪ್ಪತ್ತು ವರ್ಷ ಬರೋದು, ಅದರ ಆಯಸ್ಸು ಯಾರದೋ ಸರ್ವರ್ ಮೇಲೆ ನಿಂತಿತ್ತು.

ಅದಕ್ಕೇ ಯಾರಾದ್ರೂ ನನ್ನ ಹತ್ರ "ವೈಫೈ ಬೆಸ್ಟಾ, ಜಿಗ್‌ಬೀ ಬೆಸ್ಟಾ, ಮ್ಯಾಟರ್ ಬರೋವರೆಗೂ ಕಾಯ್ಲಾ" ಅಂತ ಕೇಳಿದ್ರೆ ನಾನು ಸ್ಪೀಡ್, ರೇಂಜ್ ಅಂತ ಶುರು ಮಾಡಲ್ಲ (ಜಿಗ್‌ಬೀ ಅಂದ್ರೆ ಸಣ್ಣ ಡಿವೈಸ್‌ಗಳಿಗೆ ಅಂತ ಮಾಡಿದ ಕಮ್ಮಿ ಕರೆಂಟಿನ ರೇಡಿಯೋ, ಮ್ಯಾಟರ್ ಅಂದ್ರೆ ಬೇರೆ ಬೇರೆ ಕಂಪನಿ ಸಾಮಾನು ಒಟ್ಟಿಗೆ ಕೆಲ್ಸ ಮಾಡೋಕೆ ಇರೋ ಒಂದೇ ಭಾಷೆ). ನೆಟ್ ಹೋದಾಗ ಏನಾಗತ್ತೆ, ಕರೆಂಟ್ ಹೋಗಿ ಬಂದಾಗ ಏನಾಗತ್ತೆ, ಕಂಪನಿ ಬಾಗಿಲು ಹಾಕಿದಾಗ ಏನಾಗತ್ತೆ ಅಂತ ಮೊದ್ಲು ನೋಡಿ ಅಂತೀನಿ. ಯಾವ ರೇಡಿಯೋ, ಅಂದ್ರೆ ಸ್ವಿಚ್ಚು ಸೆನ್ಸರ್ ಎಲ್ಲಾ ತಂತಿಯಿಲ್ಲದೆ ಮಾತಾಡೋ ವಿಧಾನ ಯಾವುದು ಅನ್ನೋದಕ್ಕೆ ಉತ್ತರ ಹೆಚ್ಚು ಕಡಿಮೆ ಅದ್ರೊಳಗೇ ಸಿಗತ್ತೆ.

ವೈಫೈ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಕ್ಯಾಮೆರಾ, ವಿಡಿಯೋ ಡೋರ್‌ಬೆಲ್, ಟಿವಿ, ಇವಕ್ಕೆಲ್ಲಾ ಡೇಟಾ ಜಾಸ್ತಿ ಬೇಕು, ಅಲ್ಲಿ ವೈಫೈ ಬಿಟ್ರೆ ಗತಿ ಇಲ್ಲ. ಜಿಗ್‌ಬೀ ಓಡೋದೇ ಸೆಕೆಂಡಿಗೆ 250 ಕಿಲೋಬಿಟ್ ವೇಗದಲ್ಲಿ, ಅದ್ರಲ್ಲಿ ವಿಡಿಯೋ ಕಳ್ಸೋಕಾಗಲ್ಲ, ಆದ್ರೆ "ಲೈಟ್ ಆನ್ ಆಗು" ಅನ್ನೋ ಮಾತಿಗೆ ಅಷ್ಟು ಬೇಕಾದಷ್ಟಾಯ್ತು. ವೈಫೈನ ನಿಜವಾದ ಅನುಕೂಲ ಅಂದ್ರೆ ಬೇರೆ ಹಬ್ (ಎಲ್ಲಾ ಡಿವೈಸ್ ಸೇರಿಸಿ ನಡೆಸೋ ಡಬ್ಬ) ಬೇಡ, ಮನೇಲಿರೋ ರೂಟರ್ ಸಾಕು, ಪ್ಲಗ್ ತಂದು ಚುಚ್ಚಿದ್ರೆ ಹತ್ತು ನಿಮಿಷದಲ್ಲಿ ಕೆಲ್ಸ ಮುಗೀತು. ಬಾಡಿಗೆ ಮನೇಲಿರೋರು, ನಾಲ್ಕೈದು ಪ್ಲಗ್ಗು ಬಲ್ಬು ಸಾಕು ಅನ್ನೋರು ಇದಕ್ಕಿಂತ ಮುಂದಕ್ಕೆ ಯೋಚ್ನೆ ಮಾಡೋ ಅಗತ್ಯಾನೇ ಇಲ್ಲ.

ತೊಂದ್ರೆ ಬರೋದು ಸಂಖ್ಯೆ ಜಾಸ್ತಿ ಆದಾಗ. ಕನೆಕ್ಷನ್ ಜೊತೆ ಪುಕ್ಕಟೆ ಕೊಡೋ ರೂಟರ್‌ಗಳು ಎರಡು ಡಜನ್ ಡಿವೈಸ್ ದಾಟಿದ್ರೆ ಒದ್ದಾಡೋಕೆ ಶುರು ಮಾಡ್ತವೆ, ಒಂದೊಂದಾಗಿ ಬೋರ್ಡ್‌ಗಳು ಕಾಣೆಯಾಗೋದು, ರೂಟರ್ ಆಫ್ ಮಾಡಿ ಆನ್ ಮಾಡಿದ್ರೆ ವಾಪಸ್ ಬರೋದು, ಇದನ್ನ ಎಷ್ಟು ಮನೇಲಿ ನೋಡಿದೀನೋ ಲೆಕ್ಕ ಇಲ್ಲ. ಜೊತೆಗೆ ಸ್ಮಾರ್ಟ್ ಪ್ಲಗ್ಗು ಸ್ವಿಚ್ಚುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಒಂದರಲ್ಲೇ ಮಾತಾಡ್ತವೆ, 5 ಗಿಗಾಹರ್ಟ್ಸ್ ಗೊತ್ತೇ ಇಲ್ಲ. ಆ 2.4ರಲ್ಲಿ ಒಂದರ ಮೇಲೊಂದು ಬೀಳದ ಹಾಗೆ ಇಡಬಹುದಾದ ಚಾನೆಲ್ ಇರೋದು ಮೂರೇ, 1, 6, 11. ಬೆಂಗಳೂರಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಾಲಲ್ಲಿ ನಿಂತು ಫೋನಲ್ಲಿ ನೋಡಿದ್ರೆ 27 ನೆಟ್‌ವರ್ಕ್ ಕಾಣ್ತವೆ, ಮೇಲಿನ ಮನೆಯೋರ್ದು, ಪಕ್ಕದ ಮನೆಯೋರ್ದು, ಕೆಳಗಿನ ಕ್ಲಿನಿಕ್ಕಿಂದು, ಎಲ್ಲಾ ಆ ಮೂರು ಚಾನೆಲ್ಲಿಗೇ ಜೋತು ಬಿದ್ದಿರ್ತವೆ.

ಮಾಮೂಲಿ ವೈಫೈ ಕೈ ಚೆಲ್ಲೋ ಇನ್ನೊಂದು ಜಾಗ ಸೆಲ್ಲು. ಬಾಗಿಲಿಗೆ ಅಂಟಿಸೋ ಸೆನ್ಸರ್ ಒಳಗೆ ಸಾಮಾನ್ಯವಾಗಿ ಸಿಆರ್2032 ಅನ್ನೋ ನಾಣ್ಯದ ಥರದ ಸೆಲ್ ಇರತ್ತೆ, ಅದ್ರಲ್ಲಿರೋದು ಸುಮಾರು 220 ಮಿಲಿಆಂಪ್-ಅವರ್. ಅಗ್ಗದ ವೈಫೈ ಚಿಪ್ ಎಚ್ಚರವಾಗಿ ಕೂತಿದ್ರೆ 80 ಮಿಲಿಆಂಪ್ ಆಸುಪಾಸು ಎಳೀತದೆ ಅಂದ್ಕೊಳ್ಳಿ, ಕಾಗದದ ಮೇಲಿನ ಲೆಕ್ಕದಲ್ಲೇ ಮೂರು ಗಂಟೆ ಬರಲ್ಲ, ನಿಜ ಹೇಳ್ಬೇಕಂದ್ರೆ ಅಷ್ಟು ಕರೆಂಟ್ ಕೊಡೋ ಶಕ್ತಿನೇ ಆ ಸೆಲ್ಲಿಗಿಲ್ಲ. ಜಿಗ್‌ಬೀ ಸೆನ್ಸರ್ ಹೆಚ್ಚಿನ ಹೊತ್ತು ನಿದ್ದೆ ಮಾಡ್ತಿರತ್ತೆ, ಆಗ ಎಳೆಯೋದು ಮೈಕ್ರೋಆಂಪ್ ಲೆಕ್ಕದಲ್ಲಿ, ಬಾಗಿಲು ತೆಗೆದಾಗ ಎದ್ದು ಒಂದು ಮಾತು ಹೇಳಿ ಮತ್ತೆ ಮಲಗತ್ತೆ. ಅದಕ್ಕೇ ಅದೇ ಸೆಲ್ಲಲ್ಲಿ ವರ್ಷ, ಒಂದೊಂದ್ಸಲ ಎರಡು ವರ್ಷ ಬರತ್ತೆ. ಸೆಲ್ ಹಾಕೋ ಸಣ್ಣ ವಸ್ತು ಯಾವುದೇ ಇರ್ಲಿ, ಬಾಗಿಲು, ಕಿಟಕಿ, ನೀರು ಸೋರಿಕೆ, ಓಡಾಟ ಗುರುತಿಸೋ ಸೆನ್ಸರ್, ಇವನ್ನ ವೈಫೈದು ತರ್ಬೇಡಿ.

ಈ ಜಿಗ್‌ಬೀ ಹೊಸದೇನಲ್ಲ. 802.15.4 ಅನ್ನೋ ರೇಡಿಯೋ ಸ್ಟ್ಯಾಂಡರ್ಡ್ 2003ರಲ್ಲಿ ಬಂತು, ಅದ್ರ ಮೇಲೆ ಕಟ್ಟಿದ್ದು ಜಿಗ್‌ಬೀ, ಫಿಲಿಪ್ಸ್ ಹ್ಯೂ ಬಲ್ಬ್‌ಗಳು 2012ರಿಂದ ಇದ್ರಲ್ಲೇ ಓಡ್ತಿವೆ. ಇದ್ರ ಸೊಗಸು ಇರೋದು ಜಾಲದಲ್ಲಿ. ಕರೆಂಟಿಗೆ ನೇರ ಸೇರಿರೋ ಪ್ಲಗ್ಗು, ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ತಂತಿ) ಇರೋ ಸ್ವಿಚ್ಚು ಎಲ್ಲಾ ಅಕ್ಕಪಕ್ಕದವರ ಮಾತನ್ನ ಕೈಯಿಂದ ಕೈಗೆ ದಾಟಿಸ್ತವೆ, ಹಾಗಾಗಿ ಹಬ್ಬಿಂದ ದೂರದ ಕೋಣೆಗೂ ಮಾತು ಮುಟ್ಟತ್ತೆ. ನಮ್ಮ ಮನೆಗಳಲ್ಲಿ ಇಟ್ಟಿಗೆ ಗೋಡೆ, ಕಾಂಕ್ರೀಟ್ ಕಂಬ, ಮಹಡಿ ಮಧ್ಯೆ ಕಬ್ಬಿಣ ತುಂಬಿರೋ ಆರ್‌ಸಿಸಿ, ಒಂದೇ ರೂಟರ್ ಇಟ್ಕೊಂಡು ಟೆರೇಸ್ ವರೆಗೆ ಸಿಗ್ನಲ್ ಮುಟ್ಸೋದು ಕಷ್ಟ. ಆಮೇಲೆ ಜಿಗ್‌ಬೀಗೆ ಬದಲಾಯಿಸಿದ ಅಕ್ಕನ ಮನೇಲಿ ಮೇಲಿನ ಟ್ಯಾಂಕಿನ ನೀರಿನ ಮಟ್ಟ ನೋಡೋ ಸೆನ್ಸರ್ ಕೈ ಕೊಡ್ತಾನೇ ಇತ್ತು, ಮೆಟ್ಟಿಲ ಮೇಲಿನ ಹೆಡ್‌ರೂಮಲ್ಲಿದ್ದ ಸಾಕೆಟ್ಟಿಗೆ ಒಂದು ಜಿಗ್‌ಬೀ ಪ್ಲಗ್ ಚುಚ್ಚಿದೆ, ಸುಮ್ನೆ ಏನೂ ಓಡಿಸದೆ, ದಾರಿ ಮಧ್ಯೆ ಅದೊಂದು ನಿಂತಿದ್ದಕ್ಕೇ ಸರಿ ಹೋಯ್ತು.

ಜಾಲ ಹರಿದು ಹೋಗೋದೂ ಅಷ್ಟೇ ಸುಲಭ, ಅದನ್ನೂ ಹೇಳ್ಬೇಕು. ಸ್ಮಾರ್ಟ್ ಬಲ್ಬ್ ಹಾಕಿರ್ತೀರ, ಅದು ಪಕ್ಕದ ಸೆನ್ಸರ್‌ನ ಮಾತು ದಾಟಿಸ್ತಿರತ್ತೆ, ಕೋಣೆಯಿಂದ ಹೊರಗೆ ಬರುವಾಗ ಅಭ್ಯಾಸ ಬಲದಿಂದ ಯಾರೋ ಗೋಡೆ ಸ್ವಿಚ್ ಆಫ್ ಮಾಡ್ತಾರೆ, ಬಲ್ಬಿಗೆ ಕರೆಂಟೇ ಇಲ್ಲ, ಆ ದಾರೀನೂ ಇಲ್ಲ. ಕೋಣೆ ಬಿಡುವಾಗ ಸ್ವಿಚ್ ಆಫ್ ಮಾಡು ಅಂತ ಚಿಕ್ಕಂದಿನಿಂದ ಕಲ್ತು ಬೆಳೆದಿರೋರು ನಾವು, ಅದನ್ನ ಬಿಡಿ ಅಂತ ಮನೆಯೋರಿಗೆ ಹೇಳೋದು ತಪ್ಪು. ಆದ್ದರಿಂದ ನಮ್ಮ ಮನೆಗಳಿಗೆ ಸ್ಮಾರ್ಟ್ ಬಲ್ಬಿಗಿಂತ ಸ್ವಿಚ್ಚಿನ ಹಿಂದೆ ಕೂರೋ ಸಣ್ಣ ರಿಲೇ ಮಾಡ್ಯೂಲೇ (ರೇಡಿಯೋ ಆಜ್ಞೆ ಕೇಳಿ ಕರೆಂಟ್ ಆನ್ ಆಫ್ ಮಾಡೋ ಡಬ್ಬಿ) ಸರಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಸ್ವಿಚ್ ಸ್ವಿಚ್ಚಾಗೇ ಇರತ್ತೆ, ಕೆಲ್ಸದೋರು ಬಂದ್ರೂ ನೆಂಟರು ಬಂದ್ರೂ ಯಾರಿಗೂ ಏನೂ ಹೇಳ್ಕೊಡಬೇಕಿಲ್ಲ, ಹಿಂದೆ ರಿಲೇ ತನ್ನ ಪಾಡಿಗೆ ಜಾಲದಲ್ಲಿ ಇರತ್ತೆ.

ಬಲ್ಬಿನ ಇನ್ನೊಂದು ಕಾಟ ಕರೆಂಟ್ ಹೋಗಿ ಬಂದಾಗ. ಎಷ್ಟೋ ಬಲ್ಬ್‌ಗಳು ಕರೆಂಟ್ ಬಂದ ಕೂಡ್ಲೇ ಫುಲ್ ಬೆಳಕಲ್ಲಿ ಹತ್ಕೊಳ್ತವೆ. ಬೆಳಗಿನ ಜಾವ ಮೂರು ಗಂಟೆಗೆ ಕರೆಂಟ್ ಬಂದು ಮಗು ಮಲಗಿರೋ ಕೋಣೆ ಹಗಲಾಗಿ ಹೋಗೋದನ್ನ ಅನುಭವಿಸಿದೋರಿಗೆ ಗೊತ್ತು. ತಗೊಳ್ಳೋಕ್ ಮುಂಚೆ ಕರೆಂಟ್ ವಾಪಸ್ ಬಂದಾಗ ಆಫ್ ಆಗಿರ್ಬೇಕಾ, ಹಿಂದಿನ ಸ್ಥಿತಿಗೆ ಬರ್ಬೇಕಾ ಅಂತ ಸೆಟ್ ಮಾಡೋ ಅವಕಾಶ ಇದೆಯಾ ನೋಡಿ. ಹಬ್ಬನ್ನ, ರೂಟರನ್ನ ಇನ್ವರ್ಟರ್ ಲೈನಿಗೆ ಹಾಕ್ಸಿ, ಇಲ್ಲಾಂದ್ರೆ ಲೈಟಿಗೆ ಕರೆಂಟ್ ಇರತ್ತೆ, ಲೈಟಿಗೆ ಹೇಳೋರಿಗೆ ಇರಲ್ಲ.

ಜಿಗ್‌ಬೀ ಕೂಡ ವೈಫೈ ಇರೋ ಅದೇ 2.4 ಗಿಗಾಹರ್ಟ್ಸಲ್ಲೇ ಇರೋದು, ಎರಡೂ ಗುದ್ದಾಡ್ತವೆ. ಜಿಗ್‌ಬೀ ಚಾನೆಲ್ 11ರಿಂದ 26ರವರೆಗೆ, ಒಟ್ಟು ಹದಿನಾರು. ಇಲ್ಲಿ ಹೆಸರಿಂದ ಮೋಸ ಹೋಗ್ಬೇಡಿ, ಜಿಗ್‌ಬೀ 11 ಬೇರೆ ವೈಫೈ 11 ಬೇರೆ. ವೈಫೈ 11 ಕೂತಿರೋದು 2462 ಮೆಗಾಹರ್ಟ್ಸಲ್ಲಿ, 20 ಮೆಗಾಹರ್ಟ್ಸ್ ಅಗಲ ಇಟ್ರೆ 2472ಕ್ಕೆ ಮುಗಿಯತ್ತೆ. ಜಿಗ್‌ಬೀ 25 ಇರೋದು 2475ರಲ್ಲಿ, ಅಂದ್ರೆ ಆ ಗಲಾಟೆಯಿಂದ ಆಚೆ. ನಾನು ಹೋದಲ್ಲೆಲ್ಲಾ ಜಿಗ್‌ಬೀನ 25ಕ್ಕೆ ಹಾಕಿ, ರೂಟರಲ್ಲಿ 2.4ರ ಅಗಲ 40 ಇದ್ರೆ 20ಕ್ಕೆ ಇಳಿಸ್ತೀನಿ. ಇದನ್ನ ಮೊದಲ ದಿನವೇ ಮಾಡಿ, ಆಮೇಲೆ ಚಾನೆಲ್ ಬದಲಾಯಿಸಿದ್ರೆ ಕೆಲವು ಡಿವೈಸ್‌ಗಳನ್ನ ಮತ್ತೆ ಮೊದಲಿಂದ ಜೋಡಿಸ್ಬೇಕಾಗತ್ತೆ.

ಅಕ್ಕನ ಮನೇಲಿ ಹಬ್ ಅಂತ ಇಟ್ಟಿದ್ದು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಅದ್ರಲ್ಲಿ ಮನೆಯೊಳಗೇ ಎಲ್ಲಾ ನಡೆಸೋ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್, ಜಿಗ್‌ಬೀ ರೇಡಿಯೋಗೆ ಒಂದು ಯುಎಸ್‌ಬಿ ಡಾಂಗಲ್. ಮೊದ್ಲು ಡಾಂಗಲನ್ನ ನೇರ ಪೈಗೇ ಸಿಕ್ಕಿಸಿದ್ದೆ, ಪಕ್ಕದ ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಲ್ಲಿ ಹಾರ್ಡ್‌ಡಿಸ್ಕ್. ಎಂಟು ಹೆಜ್ಜೆ ದೂರದ ಸೆನ್ಸರ್ ಕೂಡ ಬಿಟ್ಟು ಬಿಟ್ಟು ಮಾತಾಡ್ತಿತ್ತು. ಯುಎಸ್‌ಬಿ 3 ಕೇಬಲ್ಲು ಪೋರ್ಟುಗಳು 2.4 ಗಿಗಾಹರ್ಟ್ಸ್ ಸುತ್ತ ರೇಡಿಯೋ ಗದ್ದಲ ಎಬ್ಬಿಸ್ತವೆ, ಇಂಟೆಲ್ಲೇ ಇದನ್ನ 2012ರಲ್ಲಿ ಬರೆದು ಹೇಳಿತ್ತು. ಒಂದು ಮೀಟರ್ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲನ್ನ ದೂರ ತೂಗು ಹಾಕಿದೆ, ಅವತ್ತಿಂದ ಇವತ್ತಿನವರೆಗೂ ಆ ಸೆನ್ಸರ್ ಒಂದ್ಸಲಾನೂ ತಪ್ಪಿಸ್ಕೊಂಡಿಲ್ಲ. ಜಿಗ್‌ಬೀ ಸರಿಯಿಲ್ಲ ಅಂತ ಬೈಯೋರಲ್ಲಿ ತುಂಬಾ ಜನಕ್ಕೆ ಬೇಕಾಗಿರೋದು ಈ ಕೇಬಲ್ಲೇ.

ಜಿಗ್‌ಬೀ ಥರದ್ದೇ ಇನ್ನೊಂದು ರೇಡಿಯೋ ಝೀ-ವೇವ್, ಅದ್ರ ಬಗ್ಗೆ ಬೇಗ ಮುಗಿಸ್ತೀನಿ. ಡೆನ್ಮಾರ್ಕಿನ ಝೆನ್ಸಿಸ್ ಅನ್ನೋ ಕಂಪನಿ ಶುರು ಮಾಡಿದ್ದು, ಈಗ ಅಮೆರಿಕದ ಸಿಲಿಕಾನ್ ಲ್ಯಾಬ್ಸ್ ಕೈಯಲ್ಲಿದೆ. 1 ಗಿಗಾಹರ್ಟ್ಸಿಗಿಂತ ಕೆಳಗೆ ಓಡತ್ತೆ, ವೈಫೈ ಜೊತೆ ಜಗಳ ಇಲ್ಲ, ಗೋಡೆನೂ ಚೆನ್ನಾಗಿ ದಾಟತ್ತೆ, ತಾಂತ್ರಿಕವಾಗಿ ನನಗೆ ಇಷ್ಟ. ಆದ್ರೆ ಅದ್ರ ಫ್ರೀಕ್ವೆನ್ಸಿ ದೇಶಕ್ಕೊಂದು, ಅಮೆರಿಕದಲ್ಲಿ 908.4 ಮೆಗಾಹರ್ಟ್ಸ್, ಯುರೋಪಲ್ಲಿ 868.4, ನಮ್ಮಲ್ಲಿ 865.2. ಅಮೆರಿಕದಲ್ಲಿರೋ ತಮ್ಮನೋ ಮಗಳೋ ಬರುವಾಗ ಬ್ಯಾಗಲ್ಲಿ ತಂದ ಝೀ-ವೇವ್ ಲಾಕ್ ಇಲ್ಲಿ ಕೊಂಡ ಹಬ್ ಜೊತೆ ಮಾತಾಡಲ್ಲ, ಅಲ್ಲಿನ ಹಬ್ಬನ್ನೂ ಜೊತೆಗೇ ತಂದು ಓಡಿಸೋದು ನಮ್ಮ ದೇಶದ ರೇಡಿಯೋ ನಿಯಮಕ್ಕೆ ಒಪ್ಪೋ ಕೆಲ್ಸ ಅಲ್ಲ. ಜಿಗ್‌ಬೀ ಸೆಲ್ ಸೆನ್ಸರ್ ಆದ್ರೆ ಎಲ್ಲಿಂದ ತಂದ್ರೂ ಅದೇ 2.4, ಜೋಡಿಸಬಹುದು. ಪ್ಲಗ್ಗು ಸ್ವಿಚ್ಚು ಮಾತ್ರ ಅಲ್ಲಿಂದ ತರಿಸ್ಲೇಬೇಡಿ, ಅಲ್ಲಿ 120 ವೋಲ್ಟ್, ಇಲ್ಲಿ 230, ಅದಕ್ಕೆ ಅಂತ ಮಾಡಿದ್ದನ್ನ ಇಲ್ಲಿ ಹಾಕಿದ್ರೆ ಸುಟ್ಟು ಹೋಗತ್ತೆ. ನಮ್ಮೂರಲ್ಲಿ ಝೀ-ವೇವ್ ಸಾಮಾನು ಸಿಗೋದೇ ಅಪರೂಪ, ಸಿಕ್ಕಿದ್ರೂ ದುಬಾರಿ, ಹೊಸದಾಗಿ ಶುರು ಮಾಡೋರಿಗೆ ನಾನಂತೂ ಹೇಳಲ್ಲ.

ಈಗ ಎಲ್ಲರ ತಲೆ ಕೆಡಿಸಿರೋದು ಮ್ಯಾಟರ್. ಅಮೆಜಾನ್, ಆಪಲ್, ಗೂಗಲ್, ಆಗ ಜಿಗ್‌ಬೀ ಅಲಯನ್ಸ್ ಅಂತಿದ್ದ ಸಂಸ್ಥೆ, ಇವರೆಲ್ಲಾ ಸೇರಿ 2019ರ ಡಿಸೆಂಬರಲ್ಲಿ ಘೋಷಿಸಿದ್ರು, 2022ರ ಅಕ್ಟೋಬರಲ್ಲಿ ಮೊದಲ ಆವೃತ್ತಿ ಬಂತು. ಅಂಗಡೀಲಿ "ಮ್ಯಾಟರ್ ಇದೆ ಸರ್, ಲೇಟೆಸ್ಟು" ಅಂತಾರೆ, ಆದ್ರೆ ಮ್ಯಾಟರ್ ಅನ್ನೋದು ರೇಡಿಯೋನೇ ಅಲ್ಲ. ಕಾಗದವನ್ನ ಯಾವ ಭಾಷೇಲಿ ಬರೀಬೇಕು ಅನ್ನೋದು ಮ್ಯಾಟರ್, ಆ ಕಾಗದ ಬಸ್ಸಲ್ಲಿ ಹೋಗ್ಬೇಕಾ ರೈಲಲ್ಲಿ ಹೋಗ್ಬೇಕಾ ಅನ್ನೋದು ಬೇರೆ ವಿಷ್ಯ. ವೈಫೈ ಮೇಲೂ ಹೋಗತ್ತೆ, ಥ್ರೆಡ್ ಮೇಲೂ ಹೋಗತ್ತೆ, ಈಥರ್ನೆಟ್ ಕೇಬಲ್ಲಲ್ಲೂ ಹೋಗತ್ತೆ, ಬ್ಲೂಟೂತ್ ಬೇಕಾಗೋದು ಮೊದಲ ಸಲ ಜೋಡಿಸೋವಾಗ. ಅದಕ್ಕೇ ಡಬ್ಬದ ಮೇಲೆ ಮ್ಯಾಟರ್ ಅಂತ ಕಂಡ ತಕ್ಷಣ ಖುಷಿ ಪಡ್ಬೇಡಿ, ಕೆಳಗೆ ಸಣ್ಣ ಅಕ್ಷರದಲ್ಲಿ ವೈಫೈ ಅಂತಿದೆಯೋ ಥ್ರೆಡ್ ಅಂತಿದೆಯೋ ಓದಿ. ಮ್ಯಾಟರ್ ವೈಫೈ ಪ್ಲಗ್ ಆದ್ರೆ ರೂಟರ್ ಒದ್ದಾಟ ಹಾಗೇ ಇರತ್ತೆ, ಪಾಸ್‌ವರ್ಡ್ ಬದಲಾದ್ರೆ ಮತ್ತೆ ಅದೇ ಕಥೆ. ಆದ್ರೂ ಒಂದು ದೊಡ್ಡ ಲಾಭ ಇದೆ, ಮ್ಯಾಟರ್ ಡಿವೈಸ್ ಮನೆಯೊಳಗಿನ ನೆಟ್‌ವರ್ಕಲ್ಲೇ ಆಜ್ಞೆ ತಗೊಳ್ಳತ್ತೆ, ಆನ್ ಆಫ್ ಮಾಡೋಕೆ ತಯಾರಕರ ಸರ್ವರ್ ಕೇಳ್ಬೇಕಿಲ್ಲ, ಒಂದೇ ಪ್ಲಗ್ಗನ್ನ ಗೂಗಲ್‌ಗೂ ಆಪಲ್‌ಗೂ ಹೋಮ್ ಅಸಿಸ್ಟೆಂಟ್‌ಗೂ ಸೇರಿಸಿ ಇಡಬಹುದು. ಆ ಬ್ರ್ಯಾಂಡಿನ ಆ್ಯಪ್ ನಾಳೆ ಮಾಯ ಆದ್ರೂ ಪ್ಲಗ್ ಬದುಕಿರತ್ತೆ. ವೈಫೈ ಪ್ಲಗ್ಗೇ ತಗೋತೀರ ಅಂದ್ರೆ ಮ್ಯಾಟರ್ ಇರೋದನ್ನೇ ತಗೊಳ್ಳಿ.

ಥ್ರೆಡ್ ಅಂದ್ರೆ ಜಿಗ್‌ಬೀ ಉಪಯೋಗಿಸೋ ಅದೇ 802.15.4 ರೇಡಿಯೋ, ಆದ್ರೆ ಒಂದೊಂದು ಡಿವೈಸಿಗೂ ತನ್ನದೇ ಐಪಿವಿ6 ವಿಳಾಸ, ಅಂದ್ರೆ ಇಂಟರ್ನೆಟ್ ಥರದ ವಿಳಾಸ ಇರತ್ತೆ. ಇದಕ್ಕೆ ಬಾರ್ಡರ್ ರೂಟರ್, ಅಂದ್ರೆ ಥ್ರೆಡ್ ಜಾಲವನ್ನ ಮನೆ ನೆಟ್‌ವರ್ಕಿಗೆ ಸೇರಿಸೋ ಡಬ್ಬ ಬೇಕು, ಆಪಲ್ಲಿನ ಹೋಮ್‌ಪಾಡ್ ಮಿನಿ ಸ್ಪೀಕರ್ ಥರದ್ದು. ಆಪಲ್ ಟಿವಿ 4ಕೆ ಆದ್ರೆ 2022ರ ಮಾಡೆಲ್‌ಗಳಲ್ಲಿ 128 ಜಿಬಿದರಲ್ಲಿ ಮಾತ್ರ ಥ್ರೆಡ್ ಇದೆ, 64 ಜಿಬಿದರಲ್ಲಿ ಇಲ್ಲ, ಕೊಳ್ಳುವಾಗ ಯಾರೂ ಹೇಳಲ್ಲ. ಇಷ್ಟು ವರ್ಷ ಥ್ರೆಡ್ಡಿನ ದೊಡ್ಡ ಗೋಳು ಏನಂದ್ರೆ ಬೇರೆ ಬೇರೆ ಕಂಪನಿಯ ಬಾರ್ಡರ್ ರೂಟರ್‌ಗಳು ಒಂದೇ ಮನೇಲಿ ತಮ್ಮ ತಮ್ಮ ಬೇರೆ ಜಾಲ ಕಟ್ಕೊಂಡು ಕೂರ್ತಿದ್ವು. 2024ರಲ್ಲಿ ಬಂದ ಥ್ರೆಡ್ 1.4ರಲ್ಲಿ ಎಲ್ಲರೂ ಒಂದೇ ಜಾಲಕ್ಕೆ ಸೇರೋ ದಾರಿ ಇಟ್ಟಿದ್ದಾರೆ, ಮನೆಮನೆಯ ಡಬ್ಬಗಳಿಗೆ ಆ ಅಪ್‌ಡೇಟ್ ನಿಧಾನಕ್ಕೆ ಬರ್ತಿದೆ. ಐಕಿಯಾ 2025ರ ನವೆಂಬರಲ್ಲಿ ಮ್ಯಾಟರ್ ಥ್ರೆಡ್ಡಿನ 21 ಹೊಸ ಸಾಮಾನು ಘೋಷಿಸ್ತು, ಗಾಳಿ ಆ ಕಡೆ ಬೀಸ್ತಿರೋದು ನಿಜ. ಆದ್ರೆ ನಮ್ಮ ಬೋರ್ಡಿಗೆ ಹೊಂದೋ ಥ್ರೆಡ್ ರಿಲೇ ಇಲ್ಲಿನ ಅಂಗಡೀಲಿ ಹುಡುಕಿ ನೋಡಿ, ಆಯ್ಕೆ ಬೆರಳೆಣಿಕೆ. ಹಾಗಾಗಿ ಇವತ್ತು ಮನೆ ಕಟ್ಟೋರಿಗೆ ಕಾಯಿರಿ ಅಂತ ನಾನು ಹೇಳಲ್ಲ, ಸ್ವಿಚ್ಚಿನ ಹಿಂದೆ ಜಿಗ್‌ಬೀ ಹಾಕಿ, ಜಿಗ್‌ಬೀಯನ್ನ ಮ್ಯಾಟರ್ ಕಡೆಗೆ ದಾಟಿಸೋ ಹಬ್‌ಗಳು ಈಗಾಗ್ಲೇ ಇವೆ.

ಆದ್ರೆ ಸರಿಯಾದ ರೇಡಿಯೋ ಆರಿಸಿದ್ರೆ ಎಲ್ಲಾ ಮುಗೀತು ಅನ್ಕೋಬೇಡಿ. ರಿವಾಲ್ವ್ ಅಂತ ಒಂದು ಹಬ್ ಇತ್ತು, 300 ಡಾಲರ್, ಒಂದೇ ಡಬ್ಬದಲ್ಲಿ ಹಲವು ರೇಡಿಯೋ, ಆ ಕಾಲಕ್ಕೆ ಯಾವ ರೇಡಿಯೋ ಅನ್ನೋ ಚಿಂತೆನೇ ಬೇಡ ಅನ್ನೋ ಹಾಗಿತ್ತು. ಅದನ್ನ ಗೂಗಲ್ ಬಳಗದ ನೆಸ್ಟ್ ಕಂಪನಿ ಕೊಂಡ್ಕೊಂಡ್ತು, 2016ರ ಮೇ ತಿಂಗಳಲ್ಲಿ ಸರ್ವರ್ ಆಫ್ ಮಾಡಿದ್ರು, ಅಷ್ಟೂ ಡಬ್ಬ ನಿರುಪಯೋಗ. 2022ರ ಏಪ್ರಿಲಲ್ಲಿ ಇನ್‌ಸ್ಟಿಯಾನ್ ಅನ್ನೋ ಇನ್ನೊಂದು ಸ್ಮಾರ್ಟ್ ಹೋಮ್ ಕಂಪನಿಯ ಸರ್ವರ್ ಒಂದು ಮಾತೂ ಹೇಳದೆ ನಿಂತ್ಹೋಯ್ತು, ಆವಾಗ ತಮ್ಮ ಹಬ್ಬನ್ನ ಹೋಮ್ ಅಸಿಸ್ಟೆಂಟ್‌ಗೆ ಸೇರಿಸಿ ಮನೆಯೊಳಗಿಂದಲೇ ಓಡಿಸ್ತಿದ್ದೋರ ಲೈಟುಗಳು ಹತ್ತುತ್ತಲೇ ಇದ್ವು. 2025ರ ಅಕ್ಟೋಬರ್ 20ರಂದು ಅಮೆಜಾನ್ ಕ್ಲೌಡಿನ ಅಮೆರಿಕದ ಒಂದು ಭಾಗ ಕುಸಿದಾಗ ಅಲೆಕ್ಸಾ, ಅವರದೇ ಡೋರ್‌ಬೆಲ್ ಬ್ರ್ಯಾಂಡ್ ರಿಂಗ್ ಎರಡೂ ಕೈ ಕೊಟ್ಟಿದ್ವು. ಅಂದ್ರೆ ಹಬ್ ಜಿಗ್‌ಬೀದೇ ಆಗಿದ್ರೂ ತೀರ್ಮಾನ ದೂರದ ಸರ್ವರಲ್ಲಿ ಆಗ್ತಿದ್ರೆ ನಿಮ್ಮ ಸ್ಥಿತಿ ವೈಫೈ ಬೋರ್ಡ್ ಹಾಕಿದೋರಿಗಿಂತ ಅಷ್ಟೇನೂ ಬೇರೆ ಇರಲ್ಲ. ಪರೀಕ್ಷೆ ಸುಲಭ, ಹಬ್ ತಂದ ಮೊದಲ ವಾರ ರೂಟರಿಗೆ ಬರೋ ಫೈಬರ್ ಕೇಬಲ್ ಕಿತ್ತು, ರೂಟರ್ ಆನಲ್ಲೇ ಇಟ್ಟು, ಸೆನ್ಸರ್ ಮುಂದೆ ನಡೆದಾಡಿ. ಲೈಟ್ ಹತ್ತಿಲ್ಲ ಅಂದ್ರೆ ಹಬ್ ವಾಪಸ್ ಕೊಡಿ.

ಲೋಡ್, ಅಂದ್ರೆ ಎಷ್ಟು ಕರೆಂಟ್ ಎಳೆಯತ್ತೆ ಅನ್ನೋದಕ್ಕೂ ಯಾವ ರೇಡಿಯೋ ಅನ್ನೋದಕ್ಕೂ ಸಂಬಂಧ ಇಲ್ಲ, ಆದ್ರೆ ಇದನ್ನ ಹೇಳದೆ ಹೋದ್ರೆ ನನಗೆ ನಿದ್ದೆ ಬರಲ್ಲ. 3 ಕಿಲೋವಾಟ್ ಗೀಸರ್ 230 ವೋಲ್ಟಲ್ಲಿ 13 ಆಂಪ್ ಎಳಿಯತ್ತೆ, 10 ಆಂಪಿನ ಸ್ಮಾರ್ಟ್ ಪ್ಲಗ್ಗಿಗೆ ಅದನ್ನ ಸಿಕ್ಕಿಸಿದೋರಿದ್ದಾರೆ, ಪ್ಲಗ್ ಕರಗಿ ಅಂಟ್ಕೊಂಡಿದ್ದನ್ನ ಕಣ್ಣಾರೆ ನೋಡಿದೀನಿ. ಗೀಸರಿಗೆ 16 ಆಂಪಿನದೇ ಬೇಕು. ಸಂಪಿನ ಮೋಟರ್ ಓಡುವಾಗ ಎಳೆಯೋದು ಕಮ್ಮಿ ಕಂಡ್ರೂ ಸ್ಟಾರ್ಟ್ ಆಗೋ ಕ್ಷಣ ಹಲವು ಪಟ್ಟು ಎಳಿಯತ್ತೆ, ಅದಕ್ಕೆ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಡೆಯೋ ದೊಡ್ಡ ಸ್ವಿಚ್) ಹಾಕ್ಸಿ, ಸಣ್ಣ ರಿಲೇ ಆ ಕಾಂಟ್ಯಾಕ್ಟರನ್ನ ಮಾತ್ರ ಓಡಿಸ್ಲಿ.

ಅಕ್ಕನ ಮನೇಲಿ ಕೊನೆಗೆ ಗಾಜಿನ ಪ್ಯಾನಲ್ ಎಲ್ಲಾ ತೆಗೆದು ಮಾಮೂಲಿ ಸ್ವಿಚ್ ಹಾಕ್ಸಿದ್ವಿ, ನಿಜವಾಗ್ಲೂ ಬೇಕಾದ ಒಂಬತ್ತು ಬೋರ್ಡಿನ ಹಿಂದೆ ಮಾತ್ರ ಜಿಗ್‌ಬೀ ರಿಲೇ, ಉಳಿದ ಹದಿಮೂರಕ್ಕೆ ಏನೂ ಬೇಡ ಅಂತ ಎಲ್ರೂ ಒಪ್ಪಿದ್ರು. ಆ ಕೆಲ್ಸದಲ್ಲಿ ಎಲೆಕ್ಟ್ರಿಷಿಯನ್ನು ನಾನೂ ಕಷ್ಟಪಟ್ಟಿದ್ದು ಒಂದೇ ಕಡೆ, ನ್ಯೂಟ್ರಲ್. ನಮ್ಮ ದೊಡ್ಡ ಸ್ವಿಚ್ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಒಂದು ಸಾಕೆಟ್ ಇರೋದ್ರಿಂದ ನ್ಯೂಟ್ರಲ್ ತಂತಾನೇ ಬಂದಿರತ್ತೆ. ಮೆಟ್ಟಿಲ ಹತ್ರ, ಮಂಚದ ಪಕ್ಕ ಇರೋ ಟೂ-ವೇ ಸ್ವಿಚ್ಚಿನ ಸಣ್ಣ ಬಾಕ್ಸಲ್ಲಿ ಅದು ಇರಲ್ಲ, ನ್ಯೂಟ್ರಲ್ ಇಲ್ದೆ ಕೆಲ್ಸ ಮಾಡೋ ಮಾಡ್ಯೂಲ್ ಸಿಗತ್ತೆ, ಆದ್ರೆ ಅವು ಸಾಮಾನ್ಯವಾಗಿ ಬೇರೆಯವರ ಮಾತು ದಾಟಿಸಲ್ಲ, ಸಣ್ಣ ಎಲ್‌ಇಡಿ ಬಲ್ಬ್ ಇದ್ರೆ ಆಫ್ ಮಾಡಿದ್ರೂ ಮಿಣಮಿಣ ಅಂತಿರತ್ತೆ. ಮಾವನೋರ ಮಂಚದ ಪಕ್ಕದ ಬಾಕ್ಸೂ ಅಂಥದ್ದೇ ಆಗಿತ್ತು. ಅಲ್ಲಿ ಕಡೆಗೆ ಗೋಡೆ ಒಡೀದೆ ಸೆಲ್ ಹಾಕೋ ಜಿಗ್‌ಬೀ ಬಟನ್ ಅಂಟಿಸಿ, ಅದನ್ನ ಬಾತ್‌ರೂಮ್ ದಾರಿ ಲೈಟಿನ ರಿಲೇಗೆ ನೇರವಾಗಿ ಬೈಂಡ್ ಮಾಡಿದೆ, ಹಾಗೆ ಮಾಡಿದ್ರೆ ಮಧ್ಯೆ ಹಬ್ ಕೆಟ್ಟು ಕೂತಿದ್ರೂ ಬಟನ್ ಒತ್ತಿದಾಗ ಲೈಟ್ ಹತ್ತತ್ತೆ. ಎಲ್ಲಾ ಬಟನ್ನಲ್ಲೂ ಎಲ್ಲಾ ರಿಲೇಲೂ ಇದು ಆಗಲ್ಲ, ಕೊಳ್ಳುವಾಗ ಕೇಳಿ ತಗೊಳ್ಳಿ.

ನೀವಿನ್ನೂ ಗೋಡೆ ಎಬ್ಬಿಸೋ ಹಂತದಲ್ಲಿದ್ರೆ ಇವತ್ತೇ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿ, ಪ್ರತಿ ಸ್ವಿಚ್ ಬಾಕ್ಸಿಗೂ, ಮೆಟ್ಟಿಲ ಹತ್ರದ್ದಕ್ಕೂ ಸೇರಿಸಿ, ನ್ಯೂಟ್ರಲ್ ಎಳೀರಿ, ಬಾಕ್ಸ್ ಸಿಗೋದ್ರಲ್ಲೇ ಆಳವಾದದ್ದು ಹಾಕಿ ಅಂತ ಹೇಳಿ. ತಂತಿ ಬೆಲೆ ಬಿಟ್ರೆ ಬೇರೆ ಖರ್ಚಿಲ್ಲ, ಪ್ಲಾಸ್ಟರ್ ಆದ್ಮೇಲೆ ಅದೇ ಕೆಲ್ಸಕ್ಕೆ ಗೋಡೆ ಕೊರೀಬೇಕು.